ಟಕೀಲಾ ರುಚಿ ಕಲಿಸುವವರೇ, ಕತ್ತಾಳೆ ಕೆಜಿಗೆ ಎಷ್ಟು ಅಂತಲೂ ಹೇಳಿ

ಹೋದ ತಿಂಗಳು ಬೆಂಗಳೂರಿನ ಒಂದು ಹೋಟೆಲಿಗೆ ಹೋಗಿ ಟಕೀಲಾ ಕುಡಿದು ಬಂದೆವು. ಕುಡಿದೆವು ಅನ್ನಬಾರದಂತೆ, "ಟೇಸ್ಟಿಂಗ್" ಮಾಡಿದೆವು ಅನ್ನಬೇಕಂತೆ. ಮುಂದೆ ಒಬ್ಬರು ನಿಂತು ಪಾಠ ಹೇಳುತ್ತಾರೆ, ನಾವು ಗುಟುಕು ಗುಟುಕಾಗಿ ರುಚಿ ನೋಡುತ್ತಾ ಕಲಿಯಬೇಕು. ಟಿಕೆಟ್ ಕೊಟ್ಟು ಹೋಗುವ ಶಕ್ತಿ ನಮಗಿಲ್ಲ. ಅದರ ದರ ನಾವು ಪತ್ರಿಕೆಗೆ ಹನ್ನೊಂದು ಸುದ್ದಿ ಕಳಿಸಿದರೆ ಬರುವ ಸಂಭಾವನೆಯಷ್ಟು, ಅದೂ ಹನ್ನೊಂದೂ ಅಚ್ಚಾದರೆ. ಅಲ್ಲೇ ಕೆಲಸಕ್ಕಿರುವ ನಮ್ಮ ಡಿಪ್ಲೊಮಾ ದಿನಗಳ ಗೆಳೆಯನೊಬ್ಬ ಎರಡು ಪಾಸ್ ಕೊಟ್ಟಿದ್ದ. ಹೋದೆವು.

ತಪ್ಪು ಮಾಡಿದ್ದು ಆಮೇಲೆ. ಗ್ಲಾಸಿನ ಫೋಟೊ ಒಂದನ್ನು ಊರಿನ ವಾಟ್ಸ್‌ಆಪ್ ಗುಂಪಿಗೆ ಹಾಕಿಬಿಟ್ಟೆವು. ಐದು ನಿಮಿಷ ಆಗಿರಲಿಲ್ಲ, ಒಬ್ಬ ಅಣ್ಣ ಬರೆದರು: "ಏನ್ರಪ್ಪಾ, ಇಲ್ಲಿ ಬೋರ್ ಬತ್ತೋಗಿ ಟ್ಯಾಂಕರ್ ಕಾಯ್ತಾ ಕೂತಿದೀವಿ, ನೀವು ಅಲ್ಲಿ ಎಣ್ಣೆ ಮೂಸಿ ನೋಡ್ತಿದೀರಾ?" ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರದ್ದು ಇನ್ನೂ ಚಿಕ್ಕ ಮಾತು: "ಬರೆಯೋರೇ ಹಿಂಗಾದ್ರೆ ಹೆಂಗಪ್ಪ."

ಅಕ್ಕನ ಮಾತಿಗೆ ನಮ್ಮ ಹತ್ತಿರ ಎದುರುತ್ತರ ಇಲ್ಲ. ಮದ್ಯ ನಿಲ್ಲಿಸಿ ಅಂತ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಹೆಂಗಸರು ನಡೆದೇ ಹೋದರಲ್ಲ, ಆ ಕಾಲುಗಳ ಬೊಬ್ಬೆ ನೋಡಿದವರು ಯಾರೂ ಎಣ್ಣೆಯ ಬಗ್ಗೆ ಹಗುರಾಗಿ ಬರೆಯಲಾರರು. ಕುಡಿಯಿರಿ ಅಂತ ಈ ಬರಹದಲ್ಲಿ ಎಲ್ಲೂ ಹೇಳುವುದಿಲ್ಲ. ಆದರೆ ಅಣ್ಣನ ಮಾತಿಗೆ ಉತ್ತರ ಇದೆ. ಆ ಹೋಟೆಲಿನ ಮೇಷ್ಟ್ರಿಗೂ ಒಂದು ಪ್ರಶ್ನೆ ಇದೆ. ಎರಡನ್ನೂ ಇಲ್ಲೇ ಇಡುತ್ತೇವೆ.

ಮೊದಲು ಅಲ್ಲಿ ಏನು ಕಲಿಸಿದರು ಅಂತ ಹೇಳಬೇಕು. ಯಾಕೆಂದರೆ ಕಲಿಸಿದ್ದು ಚೆನ್ನಾಗಿತ್ತು. ಚೆನ್ನಾಗಿತ್ತು ಅಂತಲೇ ನಮಗೆ ಸಿಟ್ಟು.

ಟಕೀಲಾ ಅಂದರೆ ಕತ್ತಾಳೆಯ ಸಾರಾಯಿ. ನಮ್ಮ ಬದುವಿನ ಮೇಲೆ ಬೇಲಿಗೆ ನೆಡುತ್ತೇವಲ್ಲ, ಅದೇ ಕುಲದ ಗಿಡ. ಜಾತಿ ಮಾತ್ರ ಬೇರೆ, ಅವರದು ನೀಲಿ ಕತ್ತಾಳೆ. ಮೆಕ್ಸಿಕೊದ ಹಲಿಸ್ಕೊ ರಾಜ್ಯ ಅದರ ಮನೆ. ಅಲ್ಲಿ ಟಕೀಲಾ ಅಂತಲೇ ಒಂದು ಊರಿದೆ. 1974ರಿಂದ ಕಾನೂನು ಹೀಗಿದೆ: ಹಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಬೇರೆ ಯಾರೇ ಕತ್ತಾಳೆಯಿಂದ ಇಳಿಸಿದರೂ ಅದನ್ನು ಟಕೀಲಾ ಅನ್ನುವಂತಿಲ್ಲ. ನಮ್ಮ ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಗುರುತಿನ ಹಾಗೆ.

ಗಿಡ ನೆಟ್ಟರೆ ಆರೇಳು ವರ್ಷ ಕಾಯಬೇಕು. ಆಮೇಲೆ ಹಿಮಾಡೋರ್ ಅನ್ನುವ ಕೂಲಿಯಾಳು ಬರುತ್ತಾನೆ. ಉದ್ದ ಹಿಡಿಕೆಗೆ ದುಂಡನೆ ಅಲಗು ಕೂರಿಸಿದ ಕೋವಾ ಅನ್ನುವ ಆಯುಧದಿಂದ ಎಲೆಯನ್ನೆಲ್ಲ ಸವರಿ ಒಳಗಿನ ಗೆಡ್ಡೆ ತೆಗೆಯುತ್ತಾನೆ. ನೋಡಲು ಅನಾನಸ್ ಹಾಗಿರುತ್ತದೆ, ಅವರೂ ಅದನ್ನು ಅನಾನಸ್ ಅಂತಲೇ ಕರೆಯುತ್ತಾರೆ. ತೂಕ ಮೂವತ್ತು, ನಲವತ್ತು ಕೆಜಿ, ಕೆಲವು ಅದಕ್ಕೂ ಹೆಚ್ಚು. ಇದನ್ನು ಇಟ್ಟಿಗೆ ಗೂಡಿನಲ್ಲಿ ಒಂದೆರಡು ದಿನ ಹಬೆಯಲ್ಲಿ ಬೇಯಿಸಿ, ಹಿಂಡಿ, ರಸ ಹುಳಿ ಬರಿಸಿ, ಎರಡು ಸಲ ಬಟ್ಟಿ ಇಳಿಸಿದರೆ ಟಕೀಲಾ. ಹಾಗೇ ತುಂಬಿಸಿದರೆ ಬ್ಲಾಂಕೊ. ಮರದ ಪೀಪಾಯಿಯಲ್ಲಿ ಕನಿಷ್ಠ ಎರಡು ತಿಂಗಳು ಇಟ್ಟರೆ ರೆಪೊಸಾದೊ, ಒಂದು ವರ್ಷ ಆದರೆ ಅನ್ಯೆಹೊ, ಮೂರು ವರ್ಷ ದಾಟಿದರೆ ಎಕ್ಸ್‌ಟ್ರಾ ಅನ್ಯೆಹೊ.

ಪಾಠ ಶುರುವಾದದ್ದು ಉಪ್ಪು, ನಿಂಬೆಹಣ್ಣು ಎರಡನ್ನೂ ಮೇಜಿನಿಂದ ಎತ್ತಿಡುವುದರಿಂದ. ಸಿನಿಮಾದಲ್ಲಿ ಕೈಮೇಲೆ ಉಪ್ಪು ಹಾಕಿ ನೆಕ್ಕಿ, ಒಂದೇ ಗುಟುಕಿಗೆ ಎತ್ತಿ, ನಿಂಬೆ ಹೋಳು ಕಚ್ಚುತ್ತಾರಲ್ಲ, ಅದು ಕೆಟ್ಟ ಟಕೀಲಾದ ರುಚಿ ಮುಚ್ಚುವ ಉಪಾಯ ಅಂದರು ಮೇಷ್ಟ್ರು. ಬಾಯಿ ಸ್ವಲ್ಪ ಕಿರಿದಾದ, ಕಾಂಡ ಇರುವ ಗ್ಲಾಸಿನಲ್ಲಿ ಎರಡು ಚಮಚದಷ್ಟು ಹಾಕಿದರು. ಮೊದಲು ನೋಡಿ, ಗೋಡೆಗೆ ಅಂಟಿ ಹೇಗೆ ಇಳಿಯುತ್ತೆ ಗಮನಿಸಿ. ಮೂಗನ್ನು ಒಳಗೆ ತುರುಕಬೇಡಿ, ದೂರದಿಂದ ಶುರು ಮಾಡಿ, ಬಾಯಿ ಚೂರು ತೆರೆದಿಟ್ಟು ಮೂಸಿ. ಮೊದಲ ಗುಟುಕು ಬಾಯಿಗೆ ಪರಿಚಯ ಮಾಡಿಸೋಕೆ, ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದನ್ನು ನಾಲಿಗೆ ಮೇಲೆಲ್ಲ ಓಡಾಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ನಡುವೆ ನೀರು ಕುಡಿಯಿರಿ. ಬ್ಲಾಂಕೊದಿಂದಲೇ ಶುರು ಮಾಡಬೇಕು, ಪೀಪಾಯಿಯ ವಾಸನೆ ಇಲ್ಲದೆ ಗಿಡ ಏನು ಅಂತ ಗೊತ್ತಾಗೋದು ಅದರಲ್ಲೇ.

ಎರಡನೇ ಗುಟುಕಿಗೆ ನಮಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಅಮಲಿನಿಂದಲ್ಲ. ಅದು ಆಲೆಮನೆಯ ವಾಸನೆ! ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಬೆಲ್ಲ ಆಗುವ ಮುಂಚೆ, ಮಡ್ಡಿ ತೆಗೆಯುವ ಹೊತ್ತಿಗೆ ಏಳುತ್ತದಲ್ಲ, ಆ ಹಬೆ. ಹಿಂದೆಯೇ ಕೆಂಡದಲ್ಲಿ ಸುಟ್ಟ ಗೆಣಸು. ಕೊನೆಗೆ ಕಾಳುಮೆಣಸು ಕಚ್ಚಿದ ಖಾರ. ಪಕ್ಕದವರು "ಕ್ಯಾರಮೆಲ್, ಸಿಟ್ರಸ್" ಅಂತ ಹಾಳೆಯಲ್ಲಿ ಬರೆಯುತ್ತಿದ್ದರು. ನಾವು ಆಲೆಮನೆ ಅಂದೆವು. ಮೇಷ್ಟ್ರಿಗೆ ಅರ್ಥವಾಗಲಿಲ್ಲ, ನಕ್ಕು ಮುಂದೆ ಹೋದರು. ಅವರು ಹಂಚಿದ ವಾಸನೆಯ ಚಕ್ರದಲ್ಲಿ ನಾವು ಹುಟ್ಟಿದಾಗಿನಿಂದ ಮೂಸಿದ ಒಂದು ಪದಾರ್ಥವೂ ಇರಲಿಲ್ಲ. ಮೂಗು ನಮ್ಮದೇ ಆಗಿದ್ದರೂ ಮಾತು ಇನ್ನೊಬ್ಬರದ್ದು ಆಗಬೇಕು ಅನ್ನುವುದು ಯಾವ ನ್ಯಾಯ?

ಇರಲಿ. ಮುಖ್ಯವಾದದ್ದು ಮುಂದಿದೆ. ಬಾಟಲಿಯ ಚೀಟಿ ಓದುವುದು ಹೇಳಿಕೊಟ್ಟರು. ಟಕೀಲಾದಲ್ಲಿ ಎರಡು ಬಗೆ. ಒಂದು ನೂರಕ್ಕೆ ನೂರು ಕತ್ತಾಳೆ ಸಕ್ಕರೆಯದು, ಚೀಟಿಯ ಮೇಲೆ ಹಾಗೆಂದು ಬರೆದಿರುತ್ತದೆ. ಇನ್ನೊಂದು ಬರೀ "ಟಕೀಲಾ" ಅಂತ ಇರುವುದು. ಅದರಲ್ಲಿ 51 ಪಾಲು ಕತ್ತಾಳೆ ಸಕ್ಕರೆ ಇದ್ದರೆ ಸಾಕು, ಉಳಿದ 49 ಪಾಲು ಕಬ್ಬಿನದ್ದೋ ಮೆಕ್ಕೆಜೋಳದ್ದೋ ಆಗಬಹುದು. ಚೀಟಿಯಲ್ಲಿ ನೋಮ್ ಅನ್ನುವ ಒಂದು ಸಂಖ್ಯೆ ಇರುತ್ತದೆ, ಯಾವ ಕಾರ್ಖಾನೆಯಲ್ಲಿ ಇಳಿಸಿದ್ದು ಅಂತ ಅದು ಹೇಳುತ್ತದೆ. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬೆಲೆಯ ಬಾಟಲಿಗಳ ಮೇಲೆ ಒಂದೇ ಸಂಖ್ಯೆ ಇರುವುದೂ ಉಂಟು!

ಇನ್ನೊಂದು ಗುಟ್ಟು. ನೂರಕ್ಕೆ ನೂರು ಅಂತ ಬರೆದಿದ್ದರೂ ತೂಕದಲ್ಲಿ ಶೇ 1ರವರೆಗೆ ಬೆರಕೆಗೆ ಅಲ್ಲಿನ ನಿಯಮವೇ ಅವಕಾಶ ಕೊಡುತ್ತದೆ. ಗ್ಲಿಸರಿನ್, ಕ್ಯಾರಮೆಲ್ ಬಣ್ಣ, ಓಕ್ ಮರದ ಸಾರ, ಸಕ್ಕರೆ ಪಾಕ. ಹಾಕಿದ್ದನ್ನು ಚೀಟಿಯಲ್ಲಿ ಹೇಳಬೇಕಾಗಿಯೂ ಇಲ್ಲ. ಒಂದು ಪಾಲು ತಾನೇ ಅನ್ನಬೇಡಿ, ಸಾರ ಗಟ್ಟಿಯಾಗಿದ್ದರೆ ಅಷ್ಟರಲ್ಲೇ ಎರಡು ತಿಂಗಳ ಮಾಲು ವರ್ಷದ ಮಾಲಿನಂತೆ ಕಾಣುತ್ತದೆ. ಬೆರಕೆ ಇಲ್ಲದವುಗಳ ಪಟ್ಟಿ ಮಾಡುತ್ತಿದ್ದ ಹೊರಗಿನವರಿಗೂ ಅಲ್ಲಿನ ನಿಯಂತ್ರಣ ಮಂಡಳಿಗೂ 2024ರಲ್ಲಿ ದೊಡ್ಡ ಜಗಳವೇ ನಡೆಯಿತು, ಅಂಥ ಪ್ರಮಾಣಪತ್ರ ಕೊಡಲು ನೀವು ಯಾರು ಅಂತ. ಪಳಗಿದ ನಾಲಿಗೆಗೆ ಇದು ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಬ್ಲಾಂಕೊ ಕುಡಿದಾಗ ಬೇಕರಿ ಕೇಕಿನ ವೆನಿಲ್ಲಾ ಘಮ್ಮೆಂದರೆ ಅನುಮಾನ ಪಡಿ ಅಂದರು.

ಅಣ್ಣನಿಗೆ ನಮ್ಮ ಉತ್ತರ ಇಲ್ಲಿದೆ. ಅಣ್ಣಾ, ಆ ಹೋಟೆಲಿನಲ್ಲಿ ಕಲಿಸಿದ್ದು ಶೋಕಿಯಲ್ಲ. ಇದರೊಳಗೆ ಏನಿದೆ, ಯಾವುದರಿಂದ ಮಾಡಿದ್ದು, ಬಣ್ಣ ಎಲ್ಲಿಂದ ಬಂತು ಅಂತ ಕೇಳುವುದನ್ನು. ಇದೇ ಪ್ರಶ್ನೆಯನ್ನು ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಯಾರಾದರೂ ಕೇಳಿದ್ದಾರಾ? ಅಲ್ಲಿ ವಿಸ್ಕಿ, ಬ್ರಾಂಡಿ, ರಮ್ ಅಂತ ಮೂರು ಹೆಸರಿನಲ್ಲಿ ಸಿಗುವ ಅಗ್ಗದ ಮಾಲಿನ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಒಂದೇ ಸ್ಪಿರಿಟ್ಟು. ಬಣ್ಣ ಬೇರೆ, ಪರಿಮಳ ಬೇರೆ. ದ್ರಾಕ್ಷಿ ಕಾಣದ ಬ್ರಾಂಡಿಯನ್ನು ದ್ರಾಕ್ಷಿಯದ್ದು ಅಂತ ನಂಬಿ, ಥಂಡಿಗೆ ಒಳ್ಳೆಯದು ಅಂತ ಬಾಣಂತಿಗೂ ಎರಡು ಚಮಚ ಕೊಟ್ಟ ಮನೆಗಳು ನಮಗೆ ಗೊತ್ತು. ದುಡ್ಡಿದ್ದವನು ಟಿಕೆಟ್ ಕೊಟ್ಟು ಪ್ರಶ್ನೆ ಕೇಳುವುದನ್ನು ಕಲಿಯುತ್ತಾನೆ. ದಿನಗೂಲಿಯಲ್ಲಿ ಅರ್ಧ ಅಲ್ಲಿ ಸುರಿಯುವವನಿಗೆ ಪ್ರಶ್ನೆ ಇದೆ ಅಂತಲೇ ಗೊತ್ತಿಲ್ಲ.

ಗೊತ್ತಿಲ್ಲದೆ ಕುಡಿದದ್ದರ ಲೆಕ್ಕ ನಮ್ಮ ರಾಜ್ಯದಲ್ಲೇ ಇದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮುಂದಿನ ವರ್ಷದ ಮೇ ತಿಂಗಳಲ್ಲೇ ಕರ್ನಾಟಕ, ತಮಿಳುನಾಡಿನ ಗಡಿಯ ಆಚೀಚೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ವಿಷವನ್ನು ನಾಲಿಗೆ ಪಳಗಿಸಿ ಪತ್ತೆ ಮಾಡುವುದಕ್ಕೆ ಆಗುವುದಿಲ್ಲ, ಮೆಥನಾಲ್ ಬಾಯಿಗೆ ಮಾಮೂಲಿ ಎಣ್ಣೆಯಂತೆಯೇ ಇರುತ್ತದೆ. ಆ ಭ್ರಮೆ ಯಾರಿಗೂ ಬೇಡ. ಆದರೆ ಎಲ್ಲಿ ಮಾಡಿದ್ದು, ಯಾರು ಮಾಡಿದ್ದು ಅಂತ ಕೇಳುವ ಅಭ್ಯಾಸ ಇದ್ದವನು ಚೀಟಿಯಿಲ್ಲದ ಪ್ಲಾಸ್ಟಿಕ್ ಕವರಿಗೆ ಕೈ ಚಾಚುವ ಮುಂಚೆ ಒಂದು ಗಳಿಗೆಯಾದರೂ ನಿಲ್ಲುತ್ತಾನೆ.

ಇನ್ನು ಮೇಷ್ಟ್ರ ಕಡೆಗೆ ಬರೋಣ.

ಎರಡು ಗಂಟೆ ಪಾಠ ನಡೆಯಿತು. ಬೆಟ್ಟದ ಮೇಲಿನ ಕೆಂಪು ಮಣ್ಣಿನ ಕತ್ತಾಳೆ ಸಿಹಿ, ಕಣಿವೆಯದು ಮಣ್ಣಿನ ವಾಸನೆ ಅಂತ ಅರ್ಧ ಗಂಟೆ ವಿವರಿಸಿದರು. ಪೀಪಾಯಿ ಅಮೆರಿಕದ್ದು, ಮೊದಲು ಅದರಲ್ಲಿ ಬೋರ್ಬನ್ ಇತ್ತು ಅಂತ ಪೀಪಾಯಿಯ ವಂಶಾವಳಿ ಹೇಳಿದರು. ಗ್ಲಾಸಿಗೂ ಒಂದು ಚರಿತ್ರೆ ಇತ್ತು. ಮಣ್ಣಿಗೆ ಮಾತು ಸಿಕ್ಕಿತು, ಮರಕ್ಕೆ ಸಿಕ್ಕಿತು, ಗಾಜಿಗೂ ಸಿಕ್ಕಿತು. ಹಿಮಾಡೋರನಿಗೆ ಸಿಕ್ಕಿದ್ದು ಪರದೆಯ ಮೇಲೆ ಒಂದು ಚಿತ್ರ: ಬಿಳಿ ಅಂಗಿ, ಹುಲ್ಲಿನ ಟೋಪಿ, ಹಿಂದೆ ಸೂರ್ಯಾಸ್ತ. ಅವನ ಕೂಲಿ ಎಷ್ಟು? ರೈತನಿಗೆ ಕತ್ತಾಳೆ ಕೆಜಿಗೆ ಎಷ್ಟು? ಪ್ರಶ್ನೋತ್ತರದ ಹೊತ್ತಿಗೆ ಕೈ ಎತ್ತಿ ಕೇಳಿದೆವು. "ಅದು ಸಪ್ಲೈ ಸೈಡ್ ಸರ್, ಇವತ್ತು ನಾವು ಫ್ಲೇವರ್ ಮೇಲೆ ಫೋಕಸ್ ಮಾಡೋಣ" ಅಂದರು. ಸಭೆಯಲ್ಲಿ ಒಂದಿಬ್ಬರು ನಕ್ಕರು. ತಾಲ್ಲೂಕು ಕಚೇರಿಯಲ್ಲಿ ಕೂಡ ನಮಗೆ ಇದಕ್ಕಿಂತ ಮರ್ಯಾದೆಯ ಉತ್ತರ ಸಿಕ್ಕಿದೆ.

ಹೋಗಲಿ, ಅವರು ಹೇಳದ್ದನ್ನು ನಾವು ಹೇಳುತ್ತೇವೆ. ಕೆಲವೇ ವರ್ಷಗಳ ಹಿಂದೆ ನೀಲಿ ಕತ್ತಾಳೆಯ ಬೆಲೆ ಕೆಜಿಗೆ 30 ಪೆಸೊ ದಾಟಿತ್ತು. ಲೋಕವೆಲ್ಲ ಟಕೀಲಾ ಕೇಳುತ್ತಿತ್ತು, ಹಾಲಿವುಡ್ ನಟರು ತಮ್ಮ ತಮ್ಮ ಹೆಸರಿನ ಬಾಟಲಿ ಬಿಡುತ್ತಿದ್ದರು. ಹಲಿಸ್ಕೊದಲ್ಲಿ ಹೊಲ ಇದ್ದವರು, ಇಲ್ಲದವರು, ಪಟ್ಟಣದ ವ್ಯಾಪಾರಿಗಳು, ಎಲ್ಲರೂ ಕತ್ತಾಳೆ ನೆಟ್ಟರು. ಆರು ವರ್ಷ ಕಾದು ಗಿಡ ಬಲಿಯುವ ಹೊತ್ತಿಗೆ, 2024ರಲ್ಲಿ, ಬೆಲೆ ಒಂದಂಕಿಗೆ ಬಿದ್ದಿತ್ತು. ಕಾರ್ಖಾನೆಯ ಜೊತೆ ಕರಾರು ಇಲ್ಲದ ಸಣ್ಣ ರೈತನಿಗೆ ದಲ್ಲಾಳಿ ಹೇಳಿದ್ದೇ ರೇಟು. ಇದು ಮೊದಲ ಸಲವೂ ಅಲ್ಲ. 2000ದ ಆಸುಪಾಸು ಕತ್ತಾಳೆಗೆ ಬರ ಬಂದು ಬೆಲೆ ಏರಿತ್ತು. ಆಗ ನೆಟ್ಟವರು ಏಳೆಂಟು ವರ್ಷ ಕಳೆದ ಮೇಲೆ ಹೊಲಕ್ಕೆ ಬೆಂಕಿ ಇಟ್ಟು ಮೆಕ್ಕೆಜೋಳ ಬಿತ್ತಿದರು.

ಅಡಿಕೆ ಬೆಲೆ ಏರಿದ ವರ್ಷ ಗದ್ದೆಯನ್ನೆಲ್ಲ ತೋಟ ಮಾಡಿ, ಫಸಲು ಕಾಣಲು ಏಳು ವರ್ಷ ಕಾದವರಿಗೆ ಇದನ್ನು ವಿವರಿಸಿ ಹೇಳಬೇಕಾ? ಟೊಮೆಟೊ ಆದರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ, ರಸ್ತೆಗೆ ಸುರಿದು ಮನೆಗೆ ಹೋಗುತ್ತೇವೆ. ಏಳು ವರ್ಷದ ಬೆಳೆಯ ಸಾಲಕ್ಕೆ ಏಳು ವರ್ಷದ ಬಡ್ಡಿ. ಬೆಲೆ ಬಿದ್ದ ವರ್ಷ ಬಾಟಲಿಯ ಬೆಲೆ ಇಳಿಯಿತಾ? ಬೆಂಗಳೂರಿನ ಆ ಮೇಜಿನ ಮೇಲಂತೂ ಇಳಿದಂತೆ ಕಾಣಲಿಲ್ಲ.

ರುಚಿಗೂ ಇದಕ್ಕೂ ಏನು ಸಂಬಂಧ ಅಂತ ಮೇಷ್ಟ್ರು ಕೇಳಬಹುದು. ನೇರ ಸಂಬಂಧ ಇದೆ ಸ್ವಾಮಿ. ಬೆಲೆ ಏರಿದಾಗ ಬಲಿಯದ ಗಿಡವನ್ನೇ ಕೀಳುತ್ತಾರೆ, ಎಳೆಯದರಲ್ಲಿ ಸಕ್ಕರೆ ಕಡಿಮೆ. ಅದರಿಂದಲೂ ಕೊನೇ ಹನಿ ಹಿಂಡಲು ಡಿಫ್ಯೂಸರ್ ಅನ್ನುವ ದೈತ್ಯ ಯಂತ್ರ ಬರುತ್ತದೆ. ಹಸಿ ಗೆಡ್ಡೆಯನ್ನೇ ಚೂರು ಮಾಡಿ ಬಿಸಿನೀರು ಹಾಯಿಸಿ ಸಾರ ತೆಗೆಯುತ್ತದೆ. ಗೂಡಿನಲ್ಲಿ ಬೆಂದ ವಾಸನೆ, ನಮ್ಮ ಆ ಆಲೆಮನೆ, ಅದರಲ್ಲಿ ಅಷ್ಟಾಗಿ ಬರುವುದಿಲ್ಲ. ಬಾರದ್ದನ್ನು ತುಂಬಲು ಆ ಒಂದು ಪಾಲು ಬೆರಕೆ ನೆರವಿಗೆ ಬರುತ್ತದೆ. ಮಾರುಕಟ್ಟೆಯ ಏರಿಳಿತ ಗ್ಲಾಸಿನೊಳಗೇ ಇದೆ. ಮೂಗಿಗೆ ಸಿಗುವಷ್ಟು ಇದೆ. ಅದನ್ನು ಬಿಟ್ಟು ಫ್ಲೇವರ್ ಪಾಠ ಮಾಡುವುದು ಅಂದರೆ ನಾಡಿ ಹಿಡಿಯದೆ ಔಷಧಿ ಬರೆದ ಹಾಗೆ.

ಇನ್ನೊಂದು, ತುರಿಕೆಯ ವಿಷಯ. ಕತ್ತಾಳೆ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಕೋವಾ ಬೀಸುವವನ, ಕಾರ್ಖಾನೆಯಲ್ಲಿ ಹಸಿ ಗೆಡ್ಡೆ ಮುಟ್ಟುವವನ ಚರ್ಮಕ್ಕೆ ಅವು ಚುಚ್ಚಿ ಕೆಂಪಗೆ ಎದ್ದು ಉರಿಯುತ್ತದೆ. ಇದನ್ನು ನಾವು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ನಮ್ಮ ಅಜ್ಜಂದಿರು ಕತ್ತಾಳೆ ಪಟ್ಟೆ ಕೊಯ್ದು, ಕೆರೆ ಅಂಚಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ, ಮಿಣಿ, ಕಣ್ಣಿ ಹೊಸೆಯುತ್ತಿದ್ದರು. ಆ ನೀರಿಗೆ ಇಳಿದವರು ರಾತ್ರಿಯೆಲ್ಲ ಕೈಕಾಲು ಕೆರೆದುಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ಪಕ್ಕದವರು ಮೂಗು ಮುಚ್ಚುವಂಥ ನಾತ. ಬಣ್ಣದ ನೈಲಾನ್ ಹಗ್ಗ ಬಂದ ಮೇಲೆ ಆ ಕೆಲಸ ಹೋಯಿತು, ತುರಿಕೆಯೂ ಹೋಯಿತು, ಕೂಲಿಯೂ ಹೋಯಿತು.

ಹೊಲಸಿನ ಮಾತೂ ಇದೆ. ಒಂದು ಲೀಟರ್ ಟಕೀಲಾ ಇಳಿಸಿದರೆ ಹತ್ತು ಲೀಟರಿನಷ್ಟು ಹುಳಿ ಹೊಲಸು ನೀರು ಉಳಿಯುತ್ತದೆ. ಅದು ಹಳ್ಳ ಸೇರಿದರೆ ಏನಾಗುತ್ತದೆ ಅಂತ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಪಕ್ಕದ ಹೊಲದವರನ್ನು ಕೇಳಿ. ನಾವು ಅಂಥದ್ದೊಂದು ವರದಿ ಮಾಡಿ, ಅದು ಪತ್ರಿಕೆಯಲ್ಲಿ ಮೂರು ಸಾಲಾಗಿ ಬಂದು, ಆ ಮೂರು ಸಾಲಿಗೂ ಫೋನಿನಲ್ಲಿ ಬೈಸಿಕೊಂಡಿದ್ದೇವೆ.

ಕತ್ತಾಳೆ ನಮಗೂ ಮೆಕ್ಸಿಕೊದ ಕಡೆಯಿಂದಲೇ ಬಂದ ಗಿಡ. ನಮ್ಮ ಬದುವಿನಲ್ಲಿ ಕಾಣುವ ಅಮೆರಿಕಾನಾ ಜಾತಿಯದರಿಂದ ದಖ್ಖನ್ ಪ್ರಸ್ಥಭೂಮಿಯಲ್ಲೇ ಮದ್ಯ ಇಳಿಸುವ ಕೆಲಸ ಶುರುವಾಗಿ ಹತ್ತು ವರ್ಷದ ಮೇಲಾಯಿತು. ಡೆಸ್ಮಂಡ್ ನಜರೆತ್ ಅನ್ನುವವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಘಟಕ ಹಾಕಿ 2011ರಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಟಕೀಲಾ ಅನ್ನುವಂತಿಲ್ಲವಲ್ಲ, ಅಗಾವೆ ಮದ್ಯ ಅಂತ ಹೆಸರು. ಆಮೇಲೆ ಬೇರೆಯವರೂ ಬಂದರು. ಇದನ್ನು ಓದಿ ಯಾರೂ ನಾಳೆಯೇ ಎಕರೆಗಟ್ಟಲೆ ಕತ್ತಾಳೆ ನೆಡಬೇಡಿ, ಹಲಿಸ್ಕೊದ ಕಥೆ ಮೇಲೇ ಹೇಳಿದ್ದೇವೆ. ಮನೆಯಲ್ಲಿ ಬಟ್ಟಿ ಇಳಿಸಿ ನೋಡೋಣ ಅನ್ನುವವರಿಗೆ ಅಬಕಾರಿಯವರು ಇದ್ದಾರೆ, ಅದಕ್ಕಿಂತ ಮೊದಲು ಮೆಥನಾಲ್ ಇದೆ. ನಾವು ಹೇಳುವುದು ಇಷ್ಟೇ: ಬದುವಿನ ಗಿಡ ಕೇಳಿಕೊಂಡು ಟೆಂಪೊ ಬಂದರೆ, ಕಳೆ ಕಿತ್ತು ಹೋದರೆ ಸಾಕು ಅಂತ ಪುಕ್ಕಟೆ ಕೊಡಬೇಡಿ. ಎಲ್ಲಿಗೆ, ಏನಕ್ಕೆ, ಕೆಜಿಗೆ ಎಷ್ಟು ಅಂತ ಕೇಳಿ. ಹೂಗೊನೆ ಏಳುವ ಮುಂಚೆ ಗೆಡ್ಡೆಯಲ್ಲಿ ಸಕ್ಕರೆ ತುಂಬಿರುತ್ತದೆ, ಗೊನೆ ಎದ್ದರೆ ಸಕ್ಕರೆಯೆಲ್ಲ ಅದಕ್ಕೆ ಹೋಗಿ ಗಿಡ ಸಾಯುತ್ತದೆ. ಕೇಳಿಕೊಂಡು ಬರುವವರಿಗೆ ಇದು ಗೊತ್ತಿರುತ್ತದೆ, ನಮಗೂ ಗೊತ್ತಿರಲಿ.

ರುಚಿ ನೋಡುವ ವಿದ್ಯೆ ಬೆಳೆಯುವವನ ಕೈಗೆ ಬಂದರೆ ಏನಾಗಬಹುದು ಅನ್ನುವುದಕ್ಕೆ ಟಕೀಲಾಕ್ಕಿಂತ ಹತ್ತಿರದ ಉದಾಹರಣೆ ಕಾಫಿ. ಚಿಕ್ಕಮಗಳೂರು, ಕೊಡಗಿನ ಕಾಫಿಯನ್ನು ಕೊಳ್ಳುವವನು ಕುದಿನೀರು ಹೊಯ್ದು, ಚಮಚದಲ್ಲಿ ಸೊರ್ರನೆ ಎಳೆದು, ಅಂಕ ಹಾಕಿ ಬೆಲೆ ಕಟ್ಟುತ್ತಾನೆ. ಬೆಳೆದವನು ಗೇಟಿನ ಹತ್ತಿರ ಚೀಲ ಇಳಿಸಿ ನಿಂತಿರುತ್ತಾನೆ. ಈಗೀಗ ಕೆಲವು ಬೆಳೆಗಾರರ ಮಕ್ಕಳು ಆ ವಿದ್ಯೆ ಕಲಿತು ತಮ್ಮ ಕಾಫಿಗೆ ತಾವೇ ಅಂಕ ಹಾಕಿಕೊಂಡು ಮಾತಿಗೆ ಕೂರುತ್ತಿದ್ದಾರೆ. "ನಿಮ್ಮ ಕಾಫಿ ಸುಮಾರು" ಅಂತ ಅವರಿಗೆ ಸುಲಭಕ್ಕೆ ಹೇಳಲಾಗುವುದಿಲ್ಲ. ಬೆಲ್ಲಕ್ಕೆ, ಜೇನಿಗೆ, ಹುಣಸೆಗೆ, ಕೊಬ್ಬರಿ ಎಣ್ಣೆಗೆ ಇದು ಯಾಕೆ ಆಗಬಾರದು? ತಿಪಟೂರಿನ ಕೊಬ್ಬರಿ ಕೈಯಲ್ಲಿ ಹಿಡಿದರೆ ಸಾಕು, ವಯಸ್ಸಾದವರು ಇದು ಯಾವ ಊರಿನ ಅಟ್ಟದ್ದು ಅಂತ ಹೇಳುತ್ತಾರೆ. ಅದಕ್ಕೆ ಯಾರೂ ಟಿಕೆಟ್ ಇಟ್ಟಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾಗಿ ಮೇಷ್ಟ್ರೇ, ಟೇಸ್ಟಿಂಗ್ ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ. ಪಾಠ ಅರ್ಧಕ್ಕೆ ನಿಲ್ಲಿಸಬೇಡಿ ಅನ್ನುತ್ತೇವೆ. ನೀವು ಕೊಟ್ಟ ಹಾಳೆಯಲ್ಲಿ ಬಣ್ಣ, ವಾಸನೆ, ರುಚಿ, ಕೊನೆ ಅಂತ ನಾಲ್ಕು ಕಾಲಂ ಇತ್ತು. ಐದನೆಯದೊಂದು ಸೇರಿಸಿ: ಈ ಬಾಟಲಿಯ ಗಿಡಕ್ಕೆ ರೈತನಿಗೆ ಕೊಟ್ಟದ್ದು ಕೆಜಿಗೆ ಎಷ್ಟು. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಖಾಲಿ ಇದೆ ಅಂತ ಕುಡಿಯುವವರಿಗೆ ಕಾಣಲಿ.

ಬೆಂಗಳೂರಿನಲ್ಲೋ ಗೋವಾದಲ್ಲೋ ಹೋಟೆಲ್ ಕೆಲಸಕ್ಕಿರುವ ನಮ್ಮ ಊರಿನ ಹುಡುಗರು, ಹುಡುಗಿಯರು ಎಷ್ಟೋ ಮಂದಿ ಇದನ್ನು ಓದುತ್ತೀರಿ. ಇಂಥ ಪಾಠದ ದಿನ ಗ್ಲಾಸ್ ತೊಳೆಯುವವರು, ತಟ್ಟೆ ಹಿಡಿದು ನಿಲ್ಲುವವರು ನೀವೇ. ಬಾಟಲಿಯ ಮೇಲಿನ ನೋಮ್ ಸಂಖ್ಯೆಯ ಫೋಟೊ ತೆಗೆದು ನಮ್ಮ ನಂಬರಿಗೆ ಕಳಿಸಿ, ಬೇರೆ ಬೇರೆ ಹೆಸರಿನ ಎಷ್ಟು ಬಾಟಲಿ ಒಂದೇ ಗೂಡಿನಿಂದ ಬರುತ್ತಿವೆ ಅಂತ ಪಟ್ಟಿ ಮಾಡೋಣ. ಕೆಜಿ ರೇಟು ಕೇಳಿ ಉತ್ತರ ಸಿಕ್ಕಿದರೆ ಅದನ್ನೂ ಬರೆಯಿರಿ. ನಮಗೆ ಇನ್ನೂ ಸಿಕ್ಕಿಲ್ಲ. ಆ ಹೋಟೆಲಿನ ಮೇಷ್ಟ್ರಿಗೆ ಎರಡು ಮೆಸೇಜ್ ಹಾಕಿದ್ದೇವೆ, ನೀಲಿ ಗೆರೆ ಬಂದಿದೆ.